ಅಣ್ಣನ ತೂಬು

ಆ ಬಯಲಲ್ಲಿ ದನಗಳಿಗಿಂತ ಜಗಳಗಳೇ ಹೆಚ್ಚು ಎಂದು ದನಗಾಹಿಗಳೇ ನಗುತ್ತಿದ್ದರು. ಮುಳ್ಳುಪೊದೆ, ಒಣಹುಲ್ಲು, ನಡುವೆ ಒಂದೇ ಒಂದು ಕಾಲುವೆ. ಸರದಿಯಂತೆ ತೂಬು ಎತ್ತಿ ಇಳಿಸುವ ನೀರುಗಂಟಿ ಕೆಲಸ, ಗಂಡ ತೀರಿಕೊಂಡ ಮೇಲೆ ಅವಳ ಪಾಲಿಗೆ ಬಂದಿತ್ತು. ಹೆಂಗಸಿನ ಕೈಗೆ ಕಾಲುವೆಯೇ ಎಂದು ಮೂಗು ಮುರಿದವರಲ್ಲಿ ಮೊದಲಿಗ ಅವಳ ಒಡಹುಟ್ಟಿದ ಅಣ್ಣ.

ಕಾಲುವೆಯ ತಲೆಯಲ್ಲೇ ಅವನ ಜಮೀನು. ಅಪ್ಪನ ಕಾಲದಲ್ಲಿ ಅದು ದನ ಮೇಯುವ ಹುಲ್ಲುಗಾವಲು. ಇವನು ಅದನ್ನು ಉತ್ತು, ಮಾರಲೆಂದು ಕುದುರೆ ಮಸಾಲೆ ಎಂಬ ಮೇವಿನ ಬೆಳೆ ಹಾಕಿದ. ಅದಕ್ಕೆ ಎಷ್ಟು ನೀರು ಕುಡಿಸಿದರೂ ಸಾಲದು. ಕೆಳಗಿನ ದನಗಳ ತೊಟ್ಟಿಗೆ ಹೋಗುವ ನೀರಿನ ಮೇಲೂ ಅವನ ಕಣ್ಣು ಬಿತ್ತು.

ಬೇಸಿಗೆಯ ಒಂದು ಬೆಳಿಗ್ಗೆ ಅವಳು ಬಂದು ನೋಡಿದರೆ ಅಣ್ಣನ ತೂಬಿನ ಬೀಗ ಒಡೆದಿತ್ತು. ಕಾಲುವೆಗೆ ಕಾಲುವೆಯೇ ಅವನ ಹೊಲಕ್ಕೆ ತಿರುಗಿತ್ತು. ಕೆಳಗೆ ದನಗಳು ಒಣ ತೊಟ್ಟಿ ನೆಕ್ಕುತ್ತಿದ್ದವು. ಅವಳು ತೂಬಿನ ಕಬ್ಬಿಣದ ಹಲಗೆ ಇಳಿಸಿದಳು. ಅಣ್ಣ ಹಾರೆ ಹಿಡಿದು ಓಡಿಬಂದ.

“ಒಡಹುಟ್ಟಿದವನ ಹೊಟ್ಟೆ ಮೇಲೆ ಹೊಡೀತೀಯಾ? ನಿನಗೆ ಅನ್ನ ಹಾಕಿದ್ಯಾರು, ಮರೆತುಹೋಯ್ತಾ?”

“ಹಾಕಿದ್ದು ಅಪ್ಪ. ಹಂಗಿಸಿದ್ದು ನೀನು. ಇವತ್ತು ಕೆಳಗಿನ ದನಗಾಹಿಗಳ ಸರದಿ, ಹೋಗು.”

“ಗೇಟು ಕಾಯೋಳಿಗೆ ಇಷ್ಟು ಕೊಬ್ಬಾ!”

ಅವನು ಹಲಗೆಯಡಿ ಹಾರೆ ತೂರಿಸಿ ಮೀಟಿದ. ಅವಳು ಬಗ್ಗಿ ಹಾರೆ ಕಿತ್ತುಕೊಳ್ಳಲು ಕೈ ಹಾಕಿದಳು. ಅವನು ಜಗ್ಗಿದ ರಭಸಕ್ಕೆ ಹಾರೆ ಜಾರಿ, ಹಲಗೆ ಅವಳ ಬಲಗೈ ಮೇಲೆ ಬಿತ್ತು.

ಎರಡು ಬೆರಳು ಹೋದವು. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅಣ್ಣ, “ಬೇಕಂತ ಮಾಡಿಲ್ಲ ಕಣೇ” ಎಂದ. ಅವಳು ಗೋಡೆಯ ಕಡೆ ಹೊರಳಿದಳು. ಅತ್ತಿಗೆ ಕಳಿಸಿದ ಊಟದ ಡಬ್ಬಿ ಮುಚ್ಚಳ ತೆಗೆಯದೆ ವಾಪಸು ಹೋಯಿತು.

ವಿಚಾರಣೆಗೆ ಬಂದ ನೀರಾವರಿ ಅಧಿಕಾರಿಗಳಿಗೆ ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಯಾರ ದನಗಳಿಗಾಗಿ ಬೆರಳು ಕಳೆದುಕೊಂಡಳೋ ಆ ದನಗಾಹಿಗಳು ಮಾತ್ರ, “ನಾವೇನೂ ನೋಡಿಲ್ಲ ಸಾರ್” ಎಂದು ನುಣುಚಿಕೊಂಡರು. ಒಂದು ವರ್ಷದ ಮಟ್ಟಿಗೆ ಅಣ್ಣನ ತೂಬಿಗೆ ಮೊಹರು ಬಿತ್ತು, ನೀರಿಲ್ಲದೆ ಮೇವು ಸುಟ್ಟು ಕರಕಲಾಯಿತು. ತವರನ್ನೇ ತಿಂದಳು ಎಂದು ನೆಂಟರು ಅವಳ ಹೊಸ್ತಿಲು ತುಳಿಯುವುದನ್ನು ಬಿಟ್ಟರು. ಅವಳೂ ಯಾರನ್ನೂ ಕರೆಯಲಿಲ್ಲ.

ಮರುವರ್ಷ ಮೊಹರು ತೆಗೆದಾಗ ಅಣ್ಣನ ಸರದಿ ಬಂತು. ಅವಳು ಎಡಗೈಯಲ್ಲಿ ಹಲಗೆ ಎತ್ತಿದಳು. ಆಚೆ ದಡದಲ್ಲಿ ನಿಂತ ಅವನು ಕೇಳಿದ:

“ಕೈ ಹೇಗಿದೆ?”

“ಮಧ್ಯಾಹ್ನಕ್ಕೆ ನಿಮ್ಮ ಸರದಿ ಮುಗಿಯುತ್ತೆ” ಎಂದಳು. ಹುಟ್ಟಿದಾಗಿನಿಂದ ಅವನನ್ನು ನೀನು ಎಂದವಳು ಅಂದೇ ಮೊದಲು ನಿಮ್ಮ ಎಂದಿದ್ದಳು.