ಬಯ್ದುಕೊಂಡು ಇಳಿದ ಗುಡ್ಡ

ಆಕೆಯ ಮುಖ ನನಗೆ ಸರಿಯಾಗಿ ನೆನಪಿಲ್ಲ. ಮಾತು ನೆನಪಿದೆ, ಅದನ್ನೂ ನಾನು ಎಷ್ಟು ತಿದ್ದಿಕೊಂಡಿದ್ದೇನೋ ತಿಳಿಯದು.

ಮಾಲೇಕಲ್ಲಿನಿಂದ ಹಳೇಬೀಡಿಗೆ ಗುಡ್ಡಗಳ ಮೇಲೇ ನಡೆದು ಹೋಗಲು ಹೊರಟ ಎರಡನೆಯ ದಿನ ದಾರಿ ತಪ್ಪಿದ್ದೆ. ಮೇಕೆ ಮೇಯಿಸುತ್ತಿದ್ದ ಆ ಅಜ್ಜಿ ಕೋಲು ಅಡ್ಡ ಹಿಡಿದು ನಿಲ್ಲಿಸಿದರು.

"ಬಾಯಿ ಮುಚ್ಕಂಡು ನಡೀಬ್ಯಾಡ ಕಣವ್ವ. ಚಿರ್ತೆ ಐತೆ. ಸದ್ದು ಕೇಳಿದ್ರೆ ಅದೇ ದೂರ ಹೋಯ್ತದೆ. ಬಾ, ರಸ್ತೆಗೆ ಬಿಡ್ತೀನಿ."

"ಏನು ಮಾತಾಡಲಿ ಅಜ್ಜಿ?"

"ಯಾರನ್ನಾದ್ರೂ ಬಯ್ಯಿ. ಬಯ್ಯಾಕೆ ಹೊಂಟ್ರೆ ಮಾತು ತೀರಾಕಿಲ್ಲ."

ಆಕೆ ಮುಂದೆ ನಡೆಯುತ್ತಾ ಸತ್ತ ಗಂಡನನ್ನು ಬಯ್ಯತೊಡಗಿದರು. ನಾನು ನಮ್ಮ ಕಾಲೇಜಿನ ಪ್ರಾಂಶುಪಾಲರನ್ನು ಬಯ್ದೆ. ಬಲಗಡೆ ಪೊದೆ ಅಲುಗಿತು. ನನ್ನ ದನಿ ನಿಂತಿತು. ಆಕೆ ತಿರುಗದೆಯೇ, "ಬಯ್ಯವ್ವ, ಬಯ್ಯಿ" ಎಂದರು.

ಟಾರು ರಸ್ತೆ ಸಿಕ್ಕಾಗ ಕೇಳಿದೆ, "ನಿಮ್ಮ ಮೇಕೆಗಳು?"

"ಅಲ್ಲೇ ಅವೆ. ನೋಡ್ಬೇಕು."

ಮೇಕೆಗಳ ಬಳಿ ಸದ್ದು ಮಾಡಲು ಯಾರೂ ಇಲ್ಲವೆಂದು ನನಗೆ ಹೊಳೆದದ್ದು ಆಗಲೇ. ಹಿಂತಿರುಗಿದ ಆಕೆ ಗುಡ್ಡವನ್ನು ನಡೆದು ಹತ್ತುತ್ತಿರಲಿಲ್ಲ, ಓಡುತ್ತಿದ್ದರು.

ಬಸ್ಸು ಬಂತು. ನಾನು ಹತ್ತಲಿಲ್ಲ. ಗಂಡನನ್ನು ಬಯ್ಯುವ ದನಿ ಮೇಲೇರುತ್ತಾ ಸಣ್ಣದಾಗಿ ನಿಂತುಹೋಯಿತು. ಆಮೇಲೆ ಮೇಕೆಗಳ ಗಂಟೆ ಕೇಳಿಸಿತೆಂದು ನನ್ನ ದಿನಚರಿಯಲ್ಲಿದೆ. ಕೇಳಿಸಿತೋ, ಕೇಳಿಸಲೆಂದು ಬರೆದೆನೋ, ಈಗ ಹೇಳಲಾರೆ.