ಕೇಳಿಬಂದ ಇನ್ನೊಂದು ದನಿ

ನನ್ನ ದನಿಯನ್ನು ರೆಕಾರ್ಡಿನಲ್ಲಿ ಕೇಳಿದರೆ ನನಗೇ ಸಿಟ್ಟು ಬರುತ್ತದೆ. ತಲೆಬುರುಡೆಯ ಮೂಳೆಯೊಳಗಿಂದ ನಮಗೆ ಕೇಳಿಸುವ ದನಿ ಗಂಭೀರವಾಗಿರುತ್ತದಂತೆ, ಹೊರಗೆ ಕೇಳುವುದು ತೆಳ್ಳಗೆ. ಹಾಗಾಗಿ ಕಾಲೇಜಿನ ಪೋರ್ಟಲ್‌ಗೆ ನಾನು ಮಾಡಿ ಹಾಕಿದ ಅರ್ಥಶಾಸ್ತ್ರದ ವಿಡಿಯೋ ಪಾಠಗಳನ್ನು ನಾನೇ ಒಂದು ಸಲವೂ ಪೂರ್ತಿ ಕೇಳಿದವಳಲ್ಲ. ಹುಣಸೂರಿನ ನನ್ನ ಮನೆಯ ಅಡುಗೆಕೋಣೆಯಲ್ಲಿ, ಅಕ್ಕಿಡಬ್ಬಕ್ಕೆ ಮೊಬೈಲ್ ಒರಗಿಸಿ ಮಾಡಿದ ಪಾಠಗಳವು.

ಎಚ್.ಡಿ. ಕೋಟೆಯ ನಮ್ಮ ಕಾಲೇಜಿನಲ್ಲಿ ಈ ಸಲದ ಕಿರುಪರೀಕ್ಷೆ ಆನ್‌ಲೈನ್. ಮಕ್ಕಳು ಮನೆಯಲ್ಲೇ ಕೂತು ಬರೆಯುವುದು, ಕ್ಯಾಮೆರಾ ಮೈಕು ಎರಡೂ ಕಾಯುವುದು. ಮೇಲ್ವಿಚಾರಣೆಗೆ ಓಡಾಡಿ ಮಂಡಿ ಸವೆದಿದ್ದ ನನಗೆ ಇದಕ್ಕಿಂತ ಸುಖ ಬೇಕೆ? ಎಲ್ಲರಿಗಿಂತ ಮೊದಲು ಕೈಯೆತ್ತಿ ಒಪ್ಪಿದವಳು ನಾನೇ.

ಪರೀಕ್ಷೆಯ ಮಾರನೇ ಬೆಳಿಗ್ಗೆ ವರದಿ ಬಂತು. ಒಬ್ಬಳ ಹೆಸರಿನ ಮುಂದೆ ಮಾತ್ರ ಕೆಂಪು ಗುರುತು: ಬೇರೊಬ್ಬರ ದನಿ. ಹೆಸರು ಭಾಗ್ಯ. ಮೊದಲ ಬೆಂಚಿನ ಹುಡುಗಿ, ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುವವಳು. ಜೊತೆಗಿದ್ದ ಧ್ವನಿಯ ತುಣುಕು ಹಾಕಿ ಕೇಳಿದೆ. ಯಾರೋ ಹೆಂಗಸು ಬೇಡಿಕೆ ನಿಯಮ ವಿವರಿಸುತ್ತಿದ್ದಳು, ಅತಿ ಜಾಣೆಯ ಹಾಗೆ, ತೆಳ್ಳಗಿನ ದನಿಯಲ್ಲಿ. ಯಾರಪ್ಪಾ ಇವಳು ಅಂದುಕೊಂಡೆ. ಪಕ್ಕದ ಮೇಜಿನ ಸೋಮಣ್ಣ ಮೇಷ್ಟ್ರು ತಲೆಯೆತ್ತಿ, “ಅದು ನೀವೇ ಅಲ್ವಾ ಮೇಡಂ?” ಅಂದರು.

ಸ್ಟಾಫ್ ರೂಮೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಪರೀಕ್ಷೆಯ ಮೂರನೇ ಪ್ರಶ್ನೆ ಅದೇ ಪಾಠದ್ದು.

ಪ್ರಿನ್ಸಿಪಾಲರು, “ಸಿಸ್ಟಮ್ಮೇ ಹೇಳ್ತಿದೆಯಲ್ಲ, ನಕಲು ಅಂತ ಬರೆದುಬಿಡಿ. ನಾಲ್ಕು ಗಂಟೆಗೆ ಪೋರ್ಟಲ್ ಮುಚ್ಚುತ್ತೆ” ಅಂದರು. ಬರೆದರೆ ಸೊನ್ನೆ, ಸೊನ್ನೆಯಾದರೆ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ಹೋದಂತೆ. ಓದಿದ್ದು ಸಾಕು ಅನ್ನುವ ಅಪ್ಪ ಅವಳಿಗಿದ್ದಾನೆಂದು ಕೇಳಿ ಬಲ್ಲೆ.

ಭಾಗ್ಯಳನ್ನು ಕರೆಸಿದೆ.

“ನಾನು ಹಾಕಿರ್ಲಿಲ್ಲ ಮೇಡಂ.”

“ಮತ್ತೆ ಯಾರು ಹಾಕಿದ್ದು?”

ಮೂರು ಸಲ ಕೇಳಿದೆ, ಮೂರನೇ ಸಲ ಕಿರುಚಿದೆ. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಳು. ನನ್ನ ದನಿಯನ್ನೇ ಬಳಸಿ ನನಗೆ ಮೋಸ ಮಾಡಿದಳಲ್ಲ ಅನ್ನುವ ಉರಿ ನನಗೆ. “ನಡಿ ನಿಮ್ಮನೆಗೆ” ಅಂದೆ.

ಬಸ್ಸಿನಲ್ಲಿ ಹೋಗಿ ಹ್ಯಾಂಡ್‌ಪೋಸ್ಟ್ ವೃತ್ತದಲ್ಲಿ ಇಳಿದು, ಅಲ್ಲಿಂದ ಆಟೋ. ಮನೆ ಮುಂದೆ ಅವಳ ತಾಯಿ ಜಯಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ವಿಷಯ ಹೇಳಿದ್ದೇ ಆಕೆಯ ಮುಖ ಇಳಿದುಹೋಯಿತು.

“ಅಯ್ಯೋ, ಅದು ನಾನು ಕಣ್ರವ್ವಾ ಹಾಕಿದ್ದು! ಇವ್ಳು ಒಳಗೆ ಪರೀಕ್ಸೆ ಬರೀತಾವ್ಳೆ ಅಂತ ನಂಗೊತ್ತಿರ್ನಿಲ್ಲ. ಇವ್ಳೇ ನನ್ ಮೊಬೈಲ್ಗೆ ನಿಮ್ ಪಾಟ ಆಕ್ಕೊಟ್ಟವ್ಳೆ, ದಿನಾ ಕೇಳ್ತೀನಿ, ಕೆಲ್ಸ ಮಾಡ್ತಾ.” ಆಮೇಲೆ ದನಿ ತಗ್ಗಿಸಿ, “ಏಳನೇ ಕಿಲಾಸ್ಗೇ ಬುಡಿಸ್ಬುಟ್ರು ನನ್ನ. ಈಗ ನಾನು ಓದ್ತಾವ್ನಿ ಅಂತ ಇವರಪ್ಪಂಗೆ ಗೊತ್ತಾದ್ರೆ ಊರೆಲ್ಲ ಏಳ್ಕೊಂಡು ನಗ್ತಾರೆ. ಯಾರ್ಗೂ ಏಳ್ಬ್ಯಾಡ ಅಂದಿದ್ದೆ ಮಗಳ್ಗೆ.”

ನಂಬಬಹುದಿತ್ತು. ಆದರೆ ಮಗಳಿಗಾಗಿ ತಾಯಿ ಹೇಳುವ ಸುಳ್ಳೂ ಹೀಗೇ ಇರುತ್ತದಲ್ಲ. ಅಂಗಳದಲ್ಲಿ ನಿಂತೇ ಪರೀಕ್ಷೆ ಶುರುಮಾಡಿದೆ, ನಾಚಿಕೆಯಿಲ್ಲದೆ. “ಬೆಲೆ ಏರಿದ್ರೆ ಬೇಡಿಕೆ ಏನಾಗುತ್ತೆ?”

“ಇಳೀತದೆ. ಉಪ್ಪಿಗೆ ಅಂಗಾಗಕಿಲ್ಲ. ಆ ಉಪ್ಪಿಂದು ನೀವು ಓಡೋಡಿ ಏಳ್ಬುಟ್ರಿ, ನಾನು ಎರಡು ಸಲ ಕೇಳ್ದೆ.” ಅವರೆಕಾಯಿ ಪಕ್ಕಕ್ಕಿಟ್ಟು, “ಇನ್ನೊಂದು ನೀವು ಏಳ್ನೇ ಇಲ್ಲ ಮೇಡಮ್ಮೋರೆ. ಬೆಲೆ ಬಿದ್ರೆ ಮಾರೋರು ಕಮ್ಮಿ ಮಾರ್ತಾರೆ ಅಂದ್ರಿ. ನಮ್ ಟೊಮೇಟೊ ಕೇಳ್ತದಾ? ಬೆಲೆ ಬಿದ್ರೂ ಕೀಳ್ಲೇಬೇಕು, ಇಲ್ದಿದ್ರೆ ಗಿಡದಲ್ಲೇ ಕೊಳ್ತೋಯ್ತದೆ.”

ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ನಾನು. ಆ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ.

ಹೊರಟಾಗ ಎರಡೂವರೆ. ಬಸ್ಸು ಬರಲೇ ಇಲ್ಲ. ಹ್ಯಾಂಡ್‌ಪೋಸ್ಟ್‌ನ ಟೀ ಅಂಗಡಿಯ ಮುಂದೆ ನಿಂತು ಗಡಿಯಾರ ನೋಡಿ ನೋಡಿ ಬೆವರಿದೆ. ನನ್ನ ಮನಸ್ಸಿಗೆ ಒಪ್ಪಿದರೇನು, ಪೋರ್ಟಲ್ ಸಾಕ್ಷಿ ಕೇಳುತ್ತದೆ. ಟೊಮೇಟೊ ಕಥೆ ಅದಕ್ಕೆ ಸಾಲದು. ಜಯಮ್ಮನ ಹೆಸರೂ ಬರೆಯುವಂತಿಲ್ಲ. ಕೊನೆಗೆ ಮೊಬೈಲಿನಲ್ಲೇ ವರದಿ ತೆರೆದು ಮತ್ತೆ ನೋಡಿದೆ. ಕೆಂಪು ಗುರುತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರತಿ ಉತ್ತರ ಕಳಿಸಿದ ಸಮಯವಿತ್ತು. ಮೂರನೇ ಉತ್ತರ ಹೋದದ್ದು ಹತ್ತು ಹದಿನೆಂಟಕ್ಕೆ. ದನಿ ಶುರುವಾದದ್ದು ಹತ್ತು ಇಪ್ಪತ್ತೊಂಬತ್ತಕ್ಕೆ. ಕಳಿಸಿದ ಉತ್ತರವನ್ನು ತಿದ್ದಲು ಬರುವುದಿಲ್ಲ.

ಆ ಸಾಲು ಬೆಳಿಗ್ಗೆಯಿಂದ ಅಲ್ಲೇ ಇತ್ತು. ಕೆಂಪು ಕಂಡದ್ದೇ ನಾನು ಕೆಳಗೆ ಓದಲಿಲ್ಲ.

ಅಲ್ಲೇ ನಿಂತು, “ಮನೆಯವರ ಮೊಬೈಲಿನ ಸದ್ದು, ಉತ್ತರಕ್ಕೆ ಸಂಬಂಧವಿಲ್ಲ” ಎಂದು ಬರೆಯುವಾಗ ನೆಟ್‌ವರ್ಕ್ ಎರಡು ಸಲ ಕೈಕೊಟ್ಟಿತು. ಮೂರು ಐವತ್ತೆರಡಕ್ಕೆ ಹೋಯಿತು. ಸಂಜೆ ಪ್ರಿನ್ಸಿಪಾಲರು ಸಮಯದ ಪಟ್ಟಿ ನೋಡಿ ಸಹಿ ಮಾಡಿದರು. ಭಾಗ್ಯ ಉಳಿದಳು.

ಮಾರನೇ ದಿನ ತರಗತಿಯಲ್ಲಿ ಎಲ್ಲರ ಎದುರು ಅವಳ ಕ್ಷಮೆ ಕೇಳಿದೆ. “ಪರವಾಗಿಲ್ಲ ಮೇಡಂ” ಅಂದಳು, ಮರ್ಯಾದೆಯಾಗಿಯೇ. ಆದರೆ ಅಂದಿನಿಂದ ಅವಳು ಕೂರುವುದು ನಾಲ್ಕನೇ ಬೆಂಚಿನಲ್ಲಿ. ನನಗೂ ಈಗ ಹೊಸದೊಂದು ಅಭ್ಯಾಸ ಹತ್ತಿದೆ. ಗಂಟೆ ಹೊಡೆದ ಮೇಲೆ, ಹಾಜರಿ ಪುಸ್ತಕದ ಹಾಳೆ ತಿರುವುತ್ತಾ, ಐದು ನಿಮಿಷ ಅಲ್ಲೇ ನಿಂತಿರುತ್ತೇನೆ, ಹೊರಗೆ ಹೋಗುವಾಗ ಅವಳು ಏನಾದರೂ ಕೇಳಿಯಾಳು ಎಂದು.