ಸಿಸಿಲಿಯಾಳ ಐದು ಗಂಟೆಯ ಚಹಾ

ಚಿಂತೆ ಮಾಡಲು ನನಗೆ ಕಾರಣ ಬೇಕಿಲ್ಲ; ಆದರೂ ಶೆಫೀಲ್ಡ್‌ಗೆ ಬಂದ ಮೇಲೆ ಕಾಯಂ ಆಗಿ ಒಂದು ಸಿಕ್ಕಿದೆ. ಒಂಬತ್ತು ವರ್ಷದ ಮಗಳು ಮಯೂರಿಯನ್ನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ ಬರುತ್ತದೆ. ಧಾರವಾಡದ ಅಜ್ಜಿಯ ಜೊತೆ ಫೋನಿನಲ್ಲಿ ‘ಹೂಂ’, ‘ಹಾಂ’ಗಳಲ್ಲೇ ಮಾತು ಮುಗಿಸುತ್ತಾಳೆ.

ಈ ಉರಿಗೆ ತುಪ್ಪ ಸುರಿದವಳು ಸಿಸಿಲಿಯಾ ವಿಲ್ಸನ್. ನಮ್ಮ ಬೀದಿಯವಳೇ, ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ. ಹೆಸರು ಕೇಳಿ ಅಪ್ಪಟ ಇಂಗ್ಲಿಷಿನವಳೆಂದುಕೊಂಡಿದ್ದೆ. ನೋಡಿದರೆ ಅರ್ಜೆಂಟೀನಾದವಳು, ಸಂಜೆ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಾಳೆ! ಅವಳ ಮುತ್ತಜ್ಜ ಇದೇ ಶೆಫೀಲ್ಡಿನಿಂದ ಅಲ್ಲಿಗೆ ರೈಲುಹಳಿ ಹಾಕಲು ಹೋದವನಂತೆ.

ಹಾಗೆ ಹೋದ ಬ್ರಿಟಿಷರು ಅಲ್ಲಿ ರೈಲು ಓಡಿಸಿದರು, ಫುಟ್‌ಬಾಲ್ ಕಲಿಸಿದರು. ಕಲಿಸಿದ ತಪ್ಪಿಗೆ ಇಂಗ್ಲೆಂಡಿನವರು ಈಗ ಆಗಾಗ ಅರ್ಜೆಂಟೀನಾದವರ ಕೈಲೇ ಸೋಲುತ್ತಾರೆ. ಅಲ್ಲಿ ಕಾರುಗಳು ಬಲಗಡೆ ಹೋದರೂ ರೈಲುಗಳು ಇಂದಿಗೂ ಇಂಗ್ಲೆಂಡಿನ ಹಾಗೆ ಎಡಗಡೆಯೇ ಹೋಗುತ್ತವಂತೆ. ಸಿಸಿಲಿಯಾಗೆ ಸಂಜೆ ಐದಕ್ಕೆ ಟೀಪಾಟು, ಕಪ್ಪು-ಸಾಸರು, ಕೇಕು ಬೇಕೇ ಬೇಕು. ನಮ್ಮ ಲ್ಯಾಬಿನ ಇಂಗ್ಲಿಷರು ಮಗ್ಗಿಗೆ ಟೀ ಬ್ಯಾಗ್ ಎಸೆದು ನಿಂತಲ್ಲೇ ಕುಡಿಯುವುದನ್ನು ಕಂಡು ಪಾಪ, ಮೊದಲ ದಿನವೇ ಅವಳ ಮುಖ ಸಪ್ಪಗಾಯಿತು.

“ನನ್ನಜ್ಜಿ ಚಹಾ ಕೊಟ್ಟಳು, ಭಾಷೆ ಕೊಡಲಿಲ್ಲ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮುಂದೆ ಮಯೂರಿಯ ಮೊಮ್ಮಗಳೂ ಎಲ್ಲೋ ಕೂತು, ‘ನಾವು ಯಾವ ಕಾಲದಲ್ಲೋ ಧಾರವಾಡದವರಂತೆ’ ಎಂದು ಹೀಗೇ ನಗುತ್ತಾಳಲ್ಲ! ಅಂದಿನಿಂದ ಮನೆಯಲ್ಲಿ ದಿನಾ ಕಾಗುಣಿತ ಶುರುವಾಯಿತು.

“ಅಕಿನ್ನ ಯಾಕ ಕಾಡ್ತಿ? ನೀ ಮೊದಲ ಸ್ವಲ್ಪ ಆರಾಮ ಇರು,” ಎಂದರು ನನ್ನವರು. ಆರಾಮ ಇರುವುದು ನನ್ನ ಜಾತಕದಲ್ಲೇ ಇಲ್ಲ.

ಕಳೆದ ಶನಿವಾರ ಸಿಸಿಲಿಯಾ ಡಬ್ಬಿ ತುಂಬ ಕೇಕು ಕೊಟ್ಟಿದ್ದಳು. ಮರುದಿನ ಡಬ್ಬಿ ತೊಳೆದು, ಒರೆಸಿ ಮಯೂರಿಯ ಕೈಗಿಟ್ಟೆ. “ಸಿಸಿಲಿಯಾ ಆಂಟಿಗೆ ಕೊಟ್ಟು ಲಗೂ ಬಾ, ಕಾಗುಣಿತ ಬಾಕಿ ಅದ.”

ಅವಳು ಮುಚ್ಚಳ ತೆಗೆದು ಒಳಗೆ ನೋಡಿದಳು. ನನ್ನನ್ನೂ ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ, ಅಜ್ಜಿ ಕಳಿಸಿದ್ದ ಶೇಂಗಾ ಉಂಡಿ ನಾಲ್ಕು ತಂದು ಡಬ್ಬಿಗೆ ಹಾಕಿದಳು.

“ಯು ಕಾಂಟ್ ಗಿವ್ ಇಟ್ ಬ್ಯಾಕ್ ಎಂಪ್ಟಿ, ಅವ್ವಾ!”

ಹೋದ ಬೇಸಿಗೆಯಲ್ಲಿ ಧಾರವಾಡಕ್ಕೆ ಹೋದಾಗ ಅಜ್ಜಿ ಪಕ್ಕದ ಮನೆಯವರ ಬಟ್ಟಲಿಗೆ ಸಕ್ಕರೆ ಹಾಕಿ ವಾಪಸ್ ಕಳಿಸಿದ್ದನ್ನು ನೋಡಿದ್ದಳೇನೋ. ಅವಳಿಗೆ ಅದು ಇಂಗ್ಲಿಷಿನಲ್ಲಿ ನೆನಪಿತ್ತು. ನನಗೆ ಕನ್ನಡದಲ್ಲೇ ಮರೆತುಹೋಗಿತ್ತು.